ಒಂದು ಮೈಕ್ರೋಮೀಟರ್ ಧೂಳು: ಕಾರಿನ ಕ್ಯಾಸೆಟ್ ಪ್ಲೇಯರ್ ಮತ್ತು ಅದರ ಟೇಪುಗಳ ಆರೈಕೆ

ಕ್ಯಾಸೆಟ್ಟಿನೊಳಗಿನ ಟೇಪು, ಜನರ ಬಾಯಲ್ಲಿ ರೀಲು, 3.81 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿ. ಕಬ್ಬಿಣದ ಆಕ್ಸೈಡಿನ ಸೂಜಿಯಾಕಾರದ ಸೂಕ್ಷ್ಮ ಕಣಗಳನ್ನು ಬಂಧಕವೆಂಬ ಅಂಟುದ್ರವದಲ್ಲಿ ಕಲಸಿ ಅದರ ಒಂದು ಮೈಗೆ ಸವರಿ ಒಣಗಿಸಿರುತ್ತಾರೆ. ಬದಿಗೆ ಮೂವತ್ತು ನಿಮಿಷ ಓಡುವ ಸಿ-60 ಕ್ಯಾಸೆಟ್ಟಿನಲ್ಲಿ ಈ ಪಟ್ಟಿಯ ಒಟ್ಟು ದಪ್ಪ 16ರಿಂದ 18 ಮೈಕ್ರೋಮೀಟರ್, ಸಿ-90ರಲ್ಲಿ ಸುಮಾರು 12, ಸಿ-120ರಲ್ಲಿ ಸುಮಾರು 9. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುವ ಈ ಪಟ್ಟಿಯ ಮೇಲೆ ಸೆಕೆಂಡಿಗೆ ಹತ್ತು ಸಾವಿರ ಬಾರಿ ಕಂಪಿಸುವ ದನಿಯೊಂದನ್ನು ದಾಖಲಿಸಿದರೆ, ಅದರ ಒಂದೊಂದು ಅಲೆಗೆ ದಕ್ಕುವ ಜಾಗ 4.76 ಮೈಕ್ರೋಮೀಟರ್ ಮಾತ್ರ. ಈ ಉದ್ದವನ್ನು ತರಂಗದೂರ ಎನ್ನುತ್ತಾರೆ, ಮತ್ತು ಕಾರಿನ ಕ್ಯಾಸೆಟ್ ಪ್ಲೇಯರಿನ ಆರೈಕೆಯ ಬಗ್ಗೆ ಹೇಳಬೇಕಾದ ಬಹುಪಾಲು ಮಾತು ಈ ಒಂದು ಅಳತೆಯಿಂದಲೇ ಹೊರಡುತ್ತದೆ.

ಪ್ಲೇಯರಿನ ಹೆಡ್ಡು ಒಂದು ಪುಟ್ಟ ವಿದ್ಯುತ್ಕಾಂತ. ಅದರ ಮುಂಭಾಗದಲ್ಲಿ ಒಂದೆರಡು ಮೈಕ್ರೋಮೀಟರ್ ಅಗಲದ, ಬರಿಗಣ್ಣಿಗೆ ಕಾಣದ ಸೀಳೊಂದು ಇರುತ್ತದೆ. ಟೇಪಿನ ಮೇಲಿನ ಕಾಂತಕ್ಷೇತ್ರ ಆ ಸೀಳಿನ ಮುಂದೆ ಹಾದುಹೋಗುವಾಗ ಹೆಡ್ಡಿನೊಳಗಿನ ತಂತಿಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತೇ ಹಿಗ್ಗಿ ಸ್ಪೀಕರಿನಲ್ಲಿ ದನಿಯಾಗುತ್ತದೆ. ಟೇಪು ಹೆಡ್ಡಿಗೆ ತಾಗಿಕೊಂಡೇ ಸಾಗಬೇಕು. ಇವೆರಡರ ನಡುವೆ ಯಾವುದೇ ಪದರ ಸೇರಿಕೊಂಡರೆ ದನಿ ಎಷ್ಟು ಕುಗ್ಗುತ್ತದೆಂಬುದಕ್ಕೆ ಎಂಜಿನಿಯರುಗಳು ಬಳಸುವ ಸರಳ ಸೂತ್ರವೊಂದಿದೆ: ಪದರದ ದಪ್ಪವನ್ನು ತರಂಗದೂರದಿಂದ ಭಾಗಿಸಿ 54.6ರಿಂದ ಗುಣಿಸಿದರೆ ನಷ್ಟವು ಡೆಸಿಬೆಲ್ ಲೆಕ್ಕದಲ್ಲಿ ದೊರೆಯುತ್ತದೆ. ಒಂದೇ ಒಂದು ಮೈಕ್ರೋಮೀಟರ್ ದಪ್ಪದ ಕೊಳೆ ಹೆಡ್ಡಿನ ಮೇಲೆ ಕೂತಿತೆಂದು ಇಟ್ಟುಕೊಂಡರೆ ಸಾವಿರ ಹರ್ಟ್ಜಿನ, ಎಂದರೆ ಸೆಕೆಂಡಿಗೆ ಸಾವಿರ ಬಾರಿ ಕಂಪಿಸುವ, ದನಿಯಲ್ಲಿ ಆಗುವ ನಷ್ಟ ಸುಮಾರು 1.1 ಡೆಸಿಬೆಲ್, ಅದು ಕಿವಿಗೆ ಹೊಳೆಯುವುದೇ ಕಷ್ಟ. ಹತ್ತು ಸಾವಿರ ಹರ್ಟ್ಜಿನಲ್ಲಿ ಅದೇ ಕೊಳೆಯಿಂದ ಆಗುವ ನಷ್ಟ 11.5 ಡೆಸಿಬೆಲ್, ಎಂದರೆ ದನಿಯ ಶಕ್ತಿ ಹದಿನಾಲ್ಕನೇ ಒಂದು ಪಾಲಿಗೆ ಇಳಿದಿರುತ್ತದೆ. ಹಾಡುಗಾರನ ಕಂಠ ನೆಟ್ಟಗೆ ಕೇಳುತ್ತಲೇ ಇರುವುದರಿಂದ ಪ್ಲೇಯರ್ ಸರಿಯಾಗಿದೆ ಎಂದೇ ಜನ ತಿಳಿಯುತ್ತಾರೆ. ಆದರೆ ತಂಬೂರಿಯ ಮೇಲುಸ್ವರಗಳು, ತಾಳದ ಕಿಣಿಕಿಣಿ, ಗೆಜ್ಜೆಯ ಸದ್ದು, ಮಾತಿನಲ್ಲಿ ಸಕಾರ ಶಕಾರಗಳ ಅಂಚು, ಇವೆಲ್ಲ ಅಷ್ಟರಲ್ಲಿ ಅಳಿಸಿಹೋಗಿರುತ್ತವೆ. ‘ಕ್ಯಾಸೆಟ್ ಹಳೆಯದಾಯಿತು, ದನಿ ಮಂದವಾಯಿತು’ ಎಂಬ ದೂರು ಎಷ್ಟೋ ಬಾರಿ ಕ್ಯಾಸೆಟ್ಟಿನ ಮೇಲೆ ಹೊರಿಸಿದ ಸುಳ್ಳು ಆರೋಪ. ಹೆಡ್ಡನ್ನು ಒರೆಸಿದ ಕೂಡಲೇ ಕಳೆದುಹೋಯಿತೆಂದುಕೊಂಡ ಗೆಜ್ಜೆ ಮತ್ತೆ ಕೇಳತೊಡಗುತ್ತದೆ.

ನೆದರ್‌ಲ್ಯಾಂಡ್ಸಿನ ಫಿಲಿಪ್ಸ್ ಕಂಪನಿಯ ಎಂಜಿನಿಯರ್ ಲೂ ಆಟೆನ್ಸ್ ಮತ್ತು ಅವರ ತಂಡ ರೂಪಿಸಿದ ಈ ಕ್ಯಾಸೆಟ್ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮೊದಲು ಬೆಳಕು ಕಂಡಿತು. ಮೊದಲಿಗೆ ಅದನ್ನು ಉದ್ದೇಶಿಸಿದ್ದು ಮಾತನ್ನು ದಾಖಲಿಸುವುದಕ್ಕೆ. ಸಂಗೀತ ಅದಕ್ಕೆ ಒಗ್ಗಿದ್ದು ಟೇಪಿನ ಲೇಪನವೂ ಹೆಡ್ಡಿನ ತಯಾರಿಕೆಯೂ ಸುಧಾರಿಸಿದ ಮೇಲೆ. ಕನ್ನಡದಲ್ಲಿ ನಿಸಾರ್ ಅಹಮದರ ಕವನಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ತಂದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಸುಗಮ ಸಂಗೀತಕ್ಕೆ ಮನೆಮನೆಯಲ್ಲೂ ಜಾಗ ಮಾಡಿಕೊಟ್ಟಿತು. 1987ರ ‘ಪ್ರೇಮಲೋಕ’ದ ಹೊತ್ತಿಗೆ ಚಿತ್ರಗೀತೆಯ ಕ್ಯಾಸೆಟ್ ಬೆಂಗಳೂರಿನ ಲಹರಿ ಸಂಸ್ಥೆಗೂ ಹಂಸಲೇಖರ ಸಂಗೀತಕ್ಕೂ ನಾಡಿನಾದ್ಯಂತ ಹೆಸರು ತಂದಿತ್ತು. ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಮಲೆ ಮಾದೇಶ್ವರನ ಪದ, ಅಶ್ವಥ್ ದನಿಯ ಶರೀಫರ ಹಾಡುಗಳು ಕಾರು, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬುಗಳಲ್ಲಿ ಊರೂರು ಸುತ್ತಿದವು. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ ಈ ಮೂರೂ ಹೊರಡುವುದು ಬೆಂಗಳೂರಿನ ಪಶ್ಚಿಮ ದಿಕ್ಕಿಗೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಬಹಳಷ್ಟು ಈ ರಸ್ತೆಗಳುದ್ದಕ್ಕೂ ಇರುವ ಊರುಗಳಿಂದ ಬಂದವು, ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವ ದಾರಿಯಲ್ಲಿ ಕೇಳಿದ್ದೂ ಈ ಕ್ಯಾಸೆಟ್ಟುಗಳನ್ನೇ.

ಕಂಪನಿಗಳು ಹೊರತಂದ ಕ್ಯಾಸೆಟ್ಟುಗಳಲ್ಲಿ ಹಲವು ಈಗ ಡಿಜಿಟಲ್ ರೂಪದಲ್ಲೂ ಸಿಗುತ್ತವೆ. ಆದರೆ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಚೀಟಿಯ ಮೇಲೆ ಕೈಬರಹವಿರುವ ಬೇರೊಂದು ಬಗೆಯ ಕ್ಯಾಸೆಟ್ಟೂ ಇರುತ್ತದೆ: ಮದುವೆಯ ಮನೆಯಲ್ಲಿ ಅಜ್ಜಿಯರು ಹೇಳಿದ ಹಸೆ ಹಾಡು, ಊರಿನ ಭಜನೆ ಮಂಡಳಿಯ ಶನಿವಾರದ ಭಜನೆ, ಬಯಲಾಟದ ಒಂದು ರಾತ್ರಿ, ಕೊಲ್ಲಿಯ ಊರಿಗೆ ಕೆಲಸಕ್ಕೆ ಹೋದ ಮಗನಿಗೆಂದು ತುಂಬಿಸಿದ ಮನೆಮಂದಿಯ ಮಾತು. ಅಂಥದ್ದಕ್ಕೆ ಎರಡನೇ ಪ್ರತಿ ಎಲ್ಲಿಯೂ ಇಲ್ಲ. ಪ್ಲೇಯರ್ ಕೆಟ್ಟರೆ ಇನ್ನೊಂದನ್ನು ಹುಡುಕಿ ತರಬಹುದು, ಟೇಪು ಕೆಟ್ಟರೆ ಅದರಲ್ಲಿದ್ದ ದನಿಯೂ ಹೋಯಿತು. ಆದ್ದರಿಂದ ಪ್ಲೇಯರನ್ನು ಚೊಕ್ಕಟವಾಗಿಡುವ ಕೆಲಸವನ್ನು ಯಂತ್ರದ ಮೇಲಿನ ಮೋಹವೆಂದು ಎಣಿಸದೆ ಟೇಪಿನ ರಕ್ಷಣೆಯ ಮೊದಲ ಹಂತವೆಂದೇ ತಿಳಿಯಬೇಕು.

ಹೆಡ್ಡಿನ ಮೇಲೆ ಕೂರುವ ಕೊಳೆಯಲ್ಲಿ ಎರಡು ಬಗೆ. ಮೊದಲನೆಯದು ಟೇಪಿನದೇ ಲೇಪನ, ಉಜ್ಜಿ ಉದುರಿದ ಕಂದು ಆಕ್ಸೈಡ್. ಅಗ್ಗದ ನಕಲಿ ಕ್ಯಾಸೆಟ್ಟುಗಳಲ್ಲಿ ಬಂಧಕದ ಗುಣಮಟ್ಟ ಕಡಿಮೆಯಿರುವುದರಿಂದ ಇದು ಹೆಚ್ಚು ಉದುರುತ್ತದೆ. ಎರಡನೆಯದು ಹೊರಗಿನ ಧೂಳು. ಬೆಂಗಳೂರು ನಿಂತಿರುವುದು ನೈಸ್ ಎಂಬ ಅತಿ ಪ್ರಾಚೀನ ಶಿಲಾಸ್ತರದ ಮೇಲೆ, ಲಾಲ್‌ಬಾಗಿನ ಬಂಡೆ ಅದರದೇ ಒಂದು ತುಣುಕು. ಈ ಶಿಲೆಯ ಪುಡಿಯಲ್ಲೂ ಕಟ್ಟಡಕ್ಕೆ ಬಳಸುವ ಮರಳು ಜಲ್ಲಿಯಲ್ಲೂ ಕ್ವಾರ್ಟ್ಸ್ ಧಾರಾಳವಾಗಿರುತ್ತದೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಕ್ವಾರ್ಟ್ಸಿನ ಸ್ಥಾನ 7. ಕಾರಿನ ಪ್ಲೇಯರುಗಳಲ್ಲಿ ಹೆಚ್ಚಾಗಿ ಬಳಸುವ ಹೆಡ್ಡು ಪರ್ಮಲಾಯ್ ಎಂಬ ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ್ದು, ಅದು ಕ್ವಾರ್ಟ್ಸಿಗಿಂತ ಬಹಳ ಮೆದು. ಮೆಟ್ರೋ ಕಾಮಗಾರಿಯೋ ಒಳಚರಂಡಿ ಅಗೆತವೋ ನಡೆಯುವ ರಸ್ತೆಯಲ್ಲಿ ಕಿಟಕಿ ಇಳಿಸಿಕೊಂಡು ಹೋಗುವ ಕಾರಿನೊಳಕ್ಕೆ ನುಗ್ಗುವ ಧೂಳಿನ ಕಣ ಟೇಪಿಗೂ ಹೆಡ್ಡಿಗೂ ನಡುವೆ ಸಿಕ್ಕರೆ ಅದು ಟೇಪನ್ನು ಎತ್ತಿ ಹಿಡಿದು ದನಿಯನ್ನು ಕುಗ್ಗಿಸುವುದಲ್ಲದೆ ಎರಡೂ ಮೈಗಳನ್ನು ಗೀರುತ್ತದೆ. ಒರೆಸಿದರೆ ಕೊಳೆ ಹೋಗುತ್ತದೆ, ಗೀರು ಹೋಗುವುದಿಲ್ಲ. ಕ್ಯಾಸೆಟ್ ತೂರಿಸುವ ಬಾಯಿಯ ಪುಟ್ಟ ಬಾಗಿಲು ಮುರಿದು ತೆರೆದೇ ಇದ್ದರೆ ಅದನ್ನು ಸರಿಪಡಿಸಿಕೊಳ್ಳುವುದು ಈ ಕಾರಣಕ್ಕಾಗಿ ಬಹಳ ಮುಖ್ಯ.

ಒರೆಸುವುದಕ್ಕೆ ಬೇಕಾದುದು ಉದ್ದ ಕಡ್ಡಿಯ ಹತ್ತಿ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ನೀರು ಬೆರೆಯದ ದ್ರವ ಸಿಗುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರೂ ಕೆಲವೊಮ್ಮೆ ಎಣ್ಣೆಯಂಥ ಸೇರ್ಪಡೆಯೂ ಇರುವುದರಿಂದ ಅದು ಬೇಡ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಸೆಟ್ಟನ್ನು ಆರಿಸಿ, ಬಾಗಿಲನ್ನು ಬೆರಳಿನಿಂದ ಒಳಕ್ಕೆ ತಳ್ಳಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕನ್ನಡಿಯ ಹೊಳಪಿನ ಒಂದು ಪುಟ್ಟ ಲೋಹದ ಮುಖ ಕಾಣುತ್ತದೆ, ಅದೇ ಹೆಡ್ಡು. ಅದರ ಬದಿಯಲ್ಲಿ ಸೂಜಿಗಿಂತ ತುಸು ದಪ್ಪನೆಯ ಉಕ್ಕಿನ ಕಂಬಿ, ಕಂಬಿಯ ಎದುರಿಗೆ ಕಪ್ಪು ರಬ್ಬರಿನ ಗಾಲಿ. ಹತ್ತಿಯನ್ನು ದ್ರವದಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಹೆಡ್ಡಿನ ಮೇಲೆ ಟೇಪು ಸಾಗುವ ದಿಕ್ಕಿನಲ್ಲೇ ಮೆಲ್ಲನೆ ಆಡಿಸಬೇಕು. ಮೊದಲ ಹತ್ತಿ ಕಂದಾಗಿ ಹೊರಬರುತ್ತದೆ, ಎರಡನೆಯದೂ ಹಾಗೆಯೇ ಬಂದರೆ ಮೂರನೆಯದನ್ನು ತೆಗೆದುಕೊಳ್ಳಬೇಕು, ಬಿಳಿಯಾಗಿ ಬಂದಾಗ ನಿಲ್ಲಿಸಬೇಕು. ದ್ರವ ಆರುವತನಕ ಕ್ಯಾಸೆಟ್ ಹಾಕಬಾರದು. ಕೈ ತೂರದಷ್ಟು ಇಕ್ಕಟ್ಟಿನ ಪ್ಲೇಯರುಗಳಿಗೆ ಕ್ಯಾಸೆಟ್ಟಿನ ಆಕಾರದಲ್ಲೇ ಬರುವ, ಒಳಗೆ ಉಣ್ಣೆಯ ಪಟ್ಟಿಗಳು ಅತ್ತಿತ್ತ ಆಡುವ, ಹನಿ ಹಾಕಿ ಬಳಸುವ ಕ್ಲೀನರ್ ಒಳ್ಳೆಯದು; ಹನಿ ಹಾಕದೆ ಒಣ ಉಜ್ಜುಟೇಪಿನಿಂದಲೇ ಕೆರೆಯುವ ಕ್ಲೀನರುಗಳು ಹೆಡ್ಡನ್ನು ಸವೆಸುತ್ತವೆಯಾದ್ದರಿಂದ ಅವುಗಳನ್ನು ದೂರವಿಡುವುದೇ ಲೇಸು. ಹತ್ತರಿಂದ ಇಪ್ಪತ್ತು ಗಂಟೆ ಓಡಿಸಿದ ಮೇಲೆ ಒಮ್ಮೆ ಹೀಗೆ ಒರೆಸುವುದು ಸಾಮಾನ್ಯವಾಗಿ ಹೇಳುವ ಅಂತರ, ಧೂಳಿನ ರಸ್ತೆಯಲ್ಲಿ ದಿನವೂ ಓಡಾಡುವವರು ಹತ್ತನ್ನೇ ಹಿಡಿಯಬೇಕು.

ಮೇಲೆ ಹೇಳಿದ ಉಕ್ಕಿನ ಕಂಬಿಯ ಹೆಸರು ಕ್ಯಾಪ್‌ಸ್ಟನ್, ರಬ್ಬರ್ ಗಾಲಿಯ ಹೆಸರು ಪಿಂಚ್ ರೋಲರ್. ಟೇಪನ್ನು ಎಳೆಯುವುದು ಕ್ಯಾಸೆಟ್ಟಿನ ಹಲ್ಲುಗಾಲಿಗಳೆಂದು ಬಹಳ ಜನ ಭಾವಿಸುತ್ತಾರೆ. ವಾಸ್ತವದಲ್ಲಿ ತಿರುಗುವ ಕಂಬಿಗೂ ಅದಕ್ಕೆ ಒತ್ತಿಕೊಂಡ ರಬ್ಬರಿಗೂ ನಡುವೆ ಸಿಕ್ಕ ಟೇಪು ಆ ಹಿಡಿತದಿಂದಲೇ ಮುಂದೆ ಸಾಗುತ್ತದೆ, ಹಲ್ಲುಗಾಲಿ ಸಾಗಿಬಂದ ಟೇಪನ್ನು ಸುತ್ತಿಕೊಳ್ಳುತ್ತದೆ ಅಷ್ಟೆ. ಕ್ಯಾಪ್‌ಸ್ಟನ್ನಿನ ವ್ಯಾಸ 2 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಏಳೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಅದರ ಸುತ್ತ ಹತ್ತು ಮೈಕ್ರೋಮೀಟರ್ ಆಕ್ಸೈಡ್ ಸಮನಾಗಿ ಅಂಟಿದರೆ ವ್ಯಾಸ ಶೇಕಡ 1ರಷ್ಟು ಹಿಗ್ಗಿ ಟೇಪೂ ಅಷ್ಟೇ ವೇಗವಾಗಿ ಓಡುತ್ತದೆ. ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು ಶೇಕಡ 6 ಆದ್ದರಿಂದ ಹಾಡಿನ ಶ್ರುತಿ ಅದರ ಆರನೇ ಒಂದು ಪಾಲು ಮೇಲೇರುತ್ತದೆ, ಶ್ರುತಿಪೆಟ್ಟಿಗೆಯ ಜೊತೆ ಕೂತು ಕಲಿಯುವವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಕೊಳೆ ಸಮನಾಗಿ ಅಂಟದೆ ಒಂದು ಕಡೆ ಮಾತ್ರ ಗಡ್ಡೆಕಟ್ಟಿದರೆ ಪ್ರತಿ ಸುತ್ತಿಗೊಮ್ಮೆ ವೇಗ ಏರಿಳಿದು, ಸೆಕೆಂಡಿಗೆ ಏಳೆಂಟು ಬಾರಿ ನಡುಗುವ ದನಿ ಹೊರಡುತ್ತದೆ.

ವೇಗವನ್ನು ಸ್ಥಿರವಾಗಿಡುವ ಹೊಣೆ ಕ್ಯಾಪ್‌ಸ್ಟನ್ನಿನ ಬುಡದಲ್ಲಿರುವ ಫ್ಲೈವೀಲ್ ಎಂಬ ಭಾರದ ಚಕ್ರದ್ದು. ಮನೆಯ ಟೇಪ್ ರೆಕಾರ್ಡರಿಗೆ ಇಲ್ಲದ ಒಂದು ಕಷ್ಟ ಕಾರಿನಲ್ಲಿ ಅದಕ್ಕೆ ಎದುರಾಗುತ್ತದೆ. ಕಾರು ನವರಂಗ್ ವೃತ್ತದಲ್ಲಿ ತಿರುವು ತೆಗೆದುಕೊಳ್ಳುವಾಗ ಅದರೊಂದಿಗೆ ಇಡೀ ಪ್ಲೇಯರ್ ತಿರುಗುತ್ತದೆ, ಆದರೆ ಜಡತ್ವದಿಂದಾಗಿ, ಎಂದರೆ ಚಲಿಸುವ ವಸ್ತು ತನ್ನ ಚಲನೆಯನ್ನೇ ಮುಂದುವರಿಸಲು ಬಯಸುವುದರಿಂದ, ಫ್ಲೈವೀಲ್ ತನ್ನ ಹಳೆಯ ಗತಿಯನ್ನೇ ಹಿಡಿದಿರುತ್ತದೆ. ನಾಲ್ಕು ಸೆಕೆಂಡಿನಲ್ಲಿ ಕಾಲು ಸುತ್ತು ತಿರುಗುವ ಕಾರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಶೇಕಡ 0.8ರವರೆಗೆ ಹೋಗಬಲ್ಲದು. ಎರಡೂ ಬದಿಯನ್ನು ತಾನಾಗಿಯೇ ನುಡಿಸುವ ಆಟೋರಿವರ್ಸ್ ಪ್ಲೇಯರುಗಳಲ್ಲಿ ಎರಡು ಕ್ಯಾಪ್‌ಸ್ಟನ್, ಎರಡು ಫ್ಲೈವೀಲ್ ಇದ್ದು, ಒಂದೇ ಬೆಲ್ಟಿನಿಂದ ಅವು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಂದು ಮುಂದೋಡಲು ನೋಡಿದರೆ ಇನ್ನೊಂದು ಅಷ್ಟೇ ಹಿಂಜಗ್ಗುತ್ತದೆ, ಬೆಲ್ಟಿನ ಮೂಲಕ ಎರಡೂ ಸರಿದೂಗುತ್ತವೆ. ಇಷ್ಟು ಸೊಗಸಾದ ಏರ್ಪಾಡು ಆ ಇಕ್ಕಟ್ಟಿನ ಪೆಟ್ಟಿಗೆಯೊಳಗಿದೆ ಎಂಬುದು ಮೆಚ್ಚತಕ್ಕ ಸಂಗತಿ. ಆದರೆ ಅದು ನಿಂತಿರುವುದು ಬೆಲ್ಟಿನ ಬಿಗಿತದ ಮೇಲೆ; ವರ್ಷಗಟ್ಟಲೆ ಬಿಸಿಯುಂಡ ರಬ್ಬರ್ ಬೆಲ್ಟು ಮೊದಲು ಸಡಿಲಗೊಳ್ಳುತ್ತದೆ, ಆಮೇಲೆ ಬಿರಿಯುತ್ತದೆ ಅಥವಾ ಕರಗಿ ಕಪ್ಪು ಅಂಟಾಗುತ್ತದೆ. ದನಿ ಎಳೆದೆಳೆದು ಬರುವುದು, ತಿರುವಿನಲ್ಲೂ ಹಳ್ಳದಿಣ್ಣೆಯಲ್ಲೂ ಅಲುಗುವುದು ಬೆಲ್ಟು ಬದಲಿಸಬೇಕೆಂಬ ಸೂಚನೆ. ಕರಗಿದ ಅಂಟನ್ನು ಪೂರ್ತಿ ಒರೆಸದೆ ಹೊಸ ಬೆಲ್ಟು ಹಾಕಿದರೆ ಅದೂ ಬೇಗ ಕೆಡುತ್ತದೆ.

ಪಿಂಚ್ ರೋಲರಿನ ರಬ್ಬರ್ ಕಾಲಕ್ರಮೇಣ ಗಡಸಾಗಿ ಮೇಲ್ಮೈ ಹೊಳೆಯತೊಡಗಿದಾಗ ಹಿಡಿತ ತಪ್ಪಿ ಟೇಪು ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಅಂಚು ಮುದುಡುತ್ತದೆ. ಟೇಪಿನ ಅಗಲದಲ್ಲಿ ನಾಲ್ಕು ದನಿಪಟ್ಟಿಗಳಿದ್ದು, ಅವುಗಳಲ್ಲಿ ಒಂದೊಂದರ ಅಗಲ ಸುಮಾರು 0.6 ಮಿಲಿಮೀಟರ್, ಎರಡು ಎ ಬದಿಗೆ, ಎರಡು ಬಿ ಬದಿಗೆ ಸೇರಿದವು, ಮತ್ತು ಎರಡೂ ಬದಿಗಳ ಎಡ ಸ್ಪೀಕರಿನ ಪಟ್ಟಿ ಇರುವುದು ಟೇಪಿನ ತೀರ ಅಂಚಿನಲ್ಲಿ. ಈ ಕಾರಣಕ್ಕೆ ಅಂಚು ಮುದುಡಿದ ಟೇಪಿನಲ್ಲಿ ಮೊದಲು ಕುಗ್ಗುವುದು ಎಡಗಡೆಯ ದನಿ. ಒಂದೇ ಕ್ಯಾಸೆಟ್ಟಿನಲ್ಲಿ ಎಡ ಸ್ಪೀಕರ್ ಬಿಟ್ಟುಬಿಟ್ಟು ನುಡಿದರೆ ತಂತಿಯನ್ನು ಅನುಮಾನಿಸುವ ಮುನ್ನ ಟೇಪಿನ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಹಪ್ಪಳದ ಅಂಚಿನಂತೆ ಅದು ಅಲೆಅಲೆಯಾಗಿದ್ದರೆ ರೋಲರಿನ ಕಡೆಯೇ ದೋಷವಿದೆ, ಉಳಿದ ಕ್ಯಾಸೆಟ್ಟುಗಳಿಗೂ ಅದೇ ಗತಿಯಾಗುವ ಮೊದಲು ಪ್ಲೇಯರನ್ನು ನಿಲ್ಲಿಸಬೇಕು. ಕಾರು ಆರಿಸುವಾಗ ಕ್ಯಾಸೆಟ್ಟನ್ನು ಹಾಗೆಯೇ ಒಳಗೆ ಬಿಟ್ಟರೆ ಕೆಲವು ಪ್ಲೇಯರುಗಳಲ್ಲಿ ರೋಲರ್ ಕಂಬಿಗೆ ಒತ್ತಿಕೊಂಡೇ ಉಳಿದು ರಬ್ಬರಿನಲ್ಲಿ ಕುಳಿ ಬೀಳುತ್ತದೆ. ರೋಲರಿನ ವ್ಯಾಸ 9 ಮಿಲಿಮೀಟರ್ ಇದ್ದರೆ ಆ ಕುಳಿ ಸೆಕೆಂಡಿಗೆ ಒಂದೂಮುಕ್ಕಾಲು ಬಾರಿಯಷ್ಟು ಹಾಡನ್ನು ಕುಲುಕುತ್ತದೆ. ಎಂಜಿನ್ ಆರಿಸುವ ಮೊದಲು ಕ್ಯಾಸೆಟ್ ಹೊರತೆಗೆಯುವ ಅಭ್ಯಾಸಕ್ಕೆ ಖರ್ಚಿಲ್ಲ.

ಟೇಪು ಸಿಕ್ಕಿಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ತೊಂದರೆ, ಅದರ ಕಾರಣ ಮಾತ್ರ ಅಷ್ಟು ಗೊತ್ತಿಲ್ಲ. ಕ್ಯಾಪ್‌ಸ್ಟನ್ ಟೇಪನ್ನು ಮುಂದೆ ತಳ್ಳುತ್ತಲೇ ಇರುವಾಗ ಸುತ್ತಿಕೊಳ್ಳಬೇಕಾದ ಹಲ್ಲುಗಾಲಿ ಸೋತರೆ, ಎಂದರೆ ಅದರ ಜಾರುಬಿಲ್ಲೆಯ ಹಿಡಿತ ತಗ್ಗಿದರೆ ಅಥವಾ ಕ್ಯಾಸೆಟ್ಟಿನೊಳಗೆ ಸುರುಳಿ ಬಿಗಿದುಕೊಂಡು ತಿರುಗಲಾರದೆ ಹೋದರೆ, ಮಿಕ್ಕ ಟೇಪು ಹೋಗಲು ಜಾಗವಿಲ್ಲದೆ ಕಂಬಿಗೇ ಸುತ್ತಿಕೊಳ್ಳುತ್ತದೆ. ಕಂಬಿಗೆ ಆಕ್ಸೈಡ್ ಅಂಟಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಡಬ್ಬಿಯಿಲ್ಲದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಎಸೆದ ಕ್ಯಾಸೆಟ್ ಕೂಡ ಒಂದು ಕಾರಣ: ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುವ ಎರಡು ಮೊಳೆಗಳು ಸುರುಳಿಗಳನ್ನು ತಿರುಗದಂತೆ ಹಿಡಿಯುವುದಕ್ಕಾಗಿ ಇಟ್ಟವು, ಅವಿಲ್ಲದಾಗ ಕಾರಿನ ಕುಲುಕಾಟಕ್ಕೆ ಸುರುಳಿ ಸಡಿಲವಾಗಿ ಟೇಪು ಕುಣಿಕೆಯಾಗಿ ಹೊರಗೆ ಇಣುಕುತ್ತದೆ. ಹಾಕುವ ಮೊದಲು ಪೆನ್ಸಿಲ್ ತೂರಿಸಿ ಒಂದು ಸುತ್ತು ಬಿಗಿಮಾಡುವ ರೂಢಿ ಇದಕ್ಕೆ ತಕ್ಕ ಮದ್ದು. ಸಿ-120 ಕ್ಯಾಸೆಟ್ಟುಗಳ ಟೇಪು ತೀರ ತೆಳುವಾದುದರಿಂದ ಕಾರಿಗೆ ಅವು ತಕ್ಕುವಲ್ಲ. ಒಮ್ಮೆ ಸಿಕ್ಕಿಕೊಂಡ ಮೇಲೆ ಇಜೆಕ್ಟ್ ಗುಂಡಿಯನ್ನು ಮತ್ತೆಮತ್ತೆ ಒತ್ತಿ ಎಳೆದರೆ ಪಾಲಿಯೆಸ್ಟರ್ ಹಿಗ್ಗಿ ಮೊದಲಿನ ಉದ್ದಕ್ಕೆ ಮರಳುವುದೇ ಇಲ್ಲ. ಹಿಗ್ಗಿದ ಜಾಗದಲ್ಲಿ ದನಿ ಶಾಶ್ವತವಾಗಿ ಇಳಿಯುತ್ತದೆ. ಸೆಟ್ಟನ್ನು ಆರಿಸಿ, ಕ್ಯಾಸೆಟ್ಟನ್ನು ಅರ್ಧ ಹೊರಗೆ ಬಿಟ್ಟು, ಟೇಪಿನ ಕುಣಿಕೆಯನ್ನು ಮೊಂಡು ಕಡ್ಡಿಯಿಂದ ಒಂದೊಂದೇ ಸುತ್ತು ಬಿಡಿಸುವುದಕ್ಕೆ ತಾಳ್ಮೆ ಬೇಕು. ತುಂಡಾದರೂ ದನಿ ಪೂರ್ತಿ ಹೋಗುವುದಿಲ್ಲ, ಟೇಪು ಜೋಡಿಸಲೆಂದೇ ಮಾಡಿದ ಅಂಟುಪಟ್ಟಿಯಿಂದ ಹಿಂಬದಿಗೆ ಜೋಡಿಸಬಹುದು. ಸಾಮಾನ್ಯ ಸೆಲ್ಲೋಟೇಪಿನ ಅಂಟು ಬಿಸಿಗೆ ಹರಿದು ಪಕ್ಕದ ಸುತ್ತುಗಳಿಗೂ ಹೆಡ್ಡಿಗೂ ಹತ್ತುವುದರಿಂದ ಅದನ್ನು ಬಳಸಲೇಬಾರದು.

ಬಿಸಿಲಿನ ವಿಷಯ ಇವೆಲ್ಲಕ್ಕಿಂತ ದೊಡ್ಡದು. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ತಂಪಿನ ಊರೆಂಬ ನಂಬಿಕೆ ಕಾರಿನ ಒಳಭಾಗಕ್ಕೆ ಸಲ್ಲುವುದಿಲ್ಲ. ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ಈ ಊರಿನ ನೆತ್ತಿಗೇ ಬರುತ್ತಾನೆ. 2016ರ ಏಪ್ರಿಲ್ ಕೊನೆಯಲ್ಲಿ ನಗರದ ತಾಪ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಗಾಜಿನ ಮೂಲಕ ಒಳಹೊಕ್ಕ ಬೆಳಕು ಸೀಟನ್ನೂ ಡ್ಯಾಶ್‌ಬೋರ್ಡನ್ನೂ ಕಾಯಿಸುತ್ತದೆ, ಅವು ಹೊರಸೂಸುವ ಶಾಖಕಿರಣಕ್ಕೆ ಗಾಜು ದಾರಿ ಬಿಡುವುದಿಲ್ಲ, ಕಾದ ಗಾಳಿಯೂ ಮುಚ್ಚಿದ ಕಾರಿನಿಂದ ಹೊರಹೋಗಲಾರದು. ಅಮೆರಿಕದ ಅರಿಜೋನಾದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಬೇಸಿಗೆಯಲ್ಲಿ ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರುಗಳ ಒಳಗಾಳಿ ಸರಾಸರಿ 47 ಡಿಗ್ರಿಯಾದರೆ ಡ್ಯಾಶ್‌ಬೋರ್ಡ್ 69 ಡಿಗ್ರಿಯಷ್ಟು ಕಾದಿತ್ತು. ಬೆಂಗಳೂರಿನ ಬೇಸಿಗೆ ಅಷ್ಟು ಉಗ್ರವಲ್ಲ ಎಂದು ಹತ್ತು ಡಿಗ್ರಿ ಕಳೆದರೂ ಕ್ಯಾಸೆಟ್ ಇಡುವ ಜಾಗ ಅದಲ್ಲ ಎಂಬುದು ಸ್ಪಷ್ಟ.

ಬಿಸಿಯಿಂದ ಟೇಪಿನ ಮೇಲಿನ ಹಾಡು ಅಳಿಸಿಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕಾಂತವಸ್ತು ತನ್ನ ಕಾಂತತ್ವವನ್ನು ಕಳೆದುಕೊಳ್ಳುವ ಕ್ಯೂರಿ ತಾಪ ಕಬ್ಬಿಣದ ಆಕ್ಸೈಡಿಗೆ ಐನೂರು ಡಿಗ್ರಿಗೂ ಮೇಲಿದೆ, ಕ್ರೋಮ್ ಟೇಪುಗಳಿಗೂ ಸುಮಾರು 120 ಡಿಗ್ರಿ. ಕೆಡುವುದು ಹಾಡನ್ನು ಹೊತ್ತ ಪಟ್ಟಿ. ಪಾಲಿಯೆಸ್ಟರ್ ಗಡಸು ಸ್ಥಿತಿಯಿಂದ ಮೆದು ಸ್ಥಿತಿಗೆ ಜಾರುವ ತಾಪ 70ರಿಂದ 80 ಡಿಗ್ರಿಯ ನಡುವೆ ಇದ್ದು, ತಯಾರಿಕೆಯಲ್ಲಿ ಎಳೆದು ಬಿಗಿಗೊಳಿಸಿದ ಪಟ್ಟಿ ಅದಕ್ಕಿಂತ ಕೆಳಗಿನ ತಾಪದಲ್ಲೇ ತುಸುತುಸು ಕುಗ್ಗತೊಡಗುತ್ತದೆ. ಸುರುಳಿ ತನ್ನನ್ನು ತಾನೇ ಹಿಚುಕಿಕೊಂಡು ಒಳಸುತ್ತುಗಳು ಮಡಿಸಿಹೋಗುತ್ತವೆ. ಪ್ಲಾಸ್ಟಿಕ್ ಹೊದಿಕೆ ಕೂದಲೆಳೆಯಷ್ಟು ಬಾಗಿದರೂ ಟೇಪು ಹೆಡ್ಡಿನ ಮುಂದೆ ಓರೆಯಾಗಿ ಸಾಗುತ್ತದೆ, ಓರೆಯಾದರೆ ತುದಿದನಿ, ಎಂದರೆ ಹೆಚ್ಚು ಕಂಪನದ ದನಿ, ಮತ್ತೆ ಕುಗ್ಗುತ್ತದೆ: 0.6 ಮಿಲಿಮೀಟರಿನ ದನಿಪಟ್ಟಿ ಕಾಲು ಡಿಗ್ರಿ ಓರೆಯಾದರೆ ಹತ್ತು ಸಾವಿರ ಹರ್ಟ್ಜಿನಲ್ಲಿ ನಷ್ಟ ಸುಮಾರು 5 ಡೆಸಿಬೆಲ್. ಮೃದುವಾದ ಅಂಟಿನಿಂದ ಹಿಡಿದಿದ್ದ ಉಣ್ಣೆಯ ಒತ್ತುಪಟ್ಟಿ, ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಆ ಚೌಕದ ತುಣುಕು, ಬಿಸಿಗೆ ಕಳಚಿ ಬೀಳುತ್ತದೆ. ಹಳೆಯ ಕ್ಯಾಸೆಟ್ಟೊಂದು ಏಕಾಏಕಿ ಪಿಸುಗುಟ್ಟತೊಡಗಿದರೆ ಮೊದಲು ನೋಡಬೇಕಾದುದು ಅದೇ, ಬೇಡದ ಇನ್ನೊಂದು ಕ್ಯಾಸೆಟ್ಟಿನಿಂದ ಅದನ್ನು ತೆಗೆದು ಕೂರಿಸಬಹುದು. ಬಿಸಿಯ ಇನ್ನೊಂದು ಪರಿಣಾಮವನ್ನು ಮುದ್ರೆಯಿಳಿತ ಎನ್ನಬಹುದು: ಸುರುಳಿಯ ಒಂದು ಸುತ್ತಿನ ಕಾಂತಕ್ಷೇತ್ರ ಪಕ್ಕದ ಸುತ್ತಿನ ಮೇಲೆ ತನ್ನ ಮಂಕು ಪಡಿಯಚ್ಚನ್ನು ಇಳಿಸುತ್ತದೆ, ತಾಪ ಏರಿದಷ್ಟೂ ಟೇಪು ತೆಳುವಾದಷ್ಟೂ ಇದು ಹೆಚ್ಚು. ಹಾಡು ಶುರುವಾಗುವ ಮುಂಚಿನ ನಿಶ್ಶಬ್ದದಲ್ಲಿ ಅದೇ ಹಾಡಿನ ಮೊದಲ ಸೊಲ್ಲು ದೂರದಿಂದೆಂಬಂತೆ ಕೇಳುವುದು ಇದರಿಂದಲೇ. ನುಡಿಸುವ ಮೊದಲು ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದರೆ ಈ ಅಚ್ಚು ಸ್ವಲ್ಪಮಟ್ಟಿಗೆ ಮಾಸುತ್ತದೆ, ಅಂಟಿಕೊಂಡ ಸುತ್ತುಗಳೂ ಬಿಡುತ್ತವೆ.

ಮಳೆಗಾಲದಲ್ಲಿ ಸಮಸ್ಯೆ ಬೇರೆ. ಆಗಸ್ಟ್ ಸೆಪ್ಟೆಂಬರಿನ ಬೆಳಗುಗಳಲ್ಲಿ ಬೆಂಗಳೂರಿನ ಆರ್ದ್ರತೆ ಶೇಕಡ 80ನ್ನು ದಾಟುತ್ತದೆ. ಶೇಕಡ 65ರ ಮೇಲೆ ಬಹಳ ದಿನ ಇದ್ದ ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿಯುವ ಸಂಭವವಿದೆ. ಕ್ಯಾಸೆಟ್ಟಿನ ಕಿಟಕಿಯಿಂದ ಬಿಳಿ ಚುಕ್ಕೆ ಕಂಡರೆ ಅದನ್ನು ಪ್ಲೇಯರಿಗೆ ಹಾಕಲೇಬಾರದು, ಹೆಡ್ಡಿಗೆ ಹತ್ತಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಕೆಂಗೇರಿ ಮತ್ತು ಮೈಸೂರು ರಸ್ತೆಯ ಆಸುಪಾಸಿನವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಸವನಗುಡಿಯ ಕಡೆಯಿಂದ ಹುಟ್ಟಿ ಈ ರಸ್ತೆಯ ಬಗಲಲ್ಲೇ ಹರಿಯುವ ವೃಷಭಾವತಿ ನದಿ ದಶಕಗಳಿಂದ ಕೊಳಚೆ ಹೊರುತ್ತಿದೆ. ಗಾಳಿಯಾಡದ ಕೊಳಚೆ ಕೊಳೆಯುವಾಗ ಹೊಮ್ಮುವ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರ ಮತ್ತು ಬೆಳ್ಳಿಯೊಂದಿಗೆ ಸೇರಿ ಕಪ್ಪು ಸಲ್ಫೈಡ್ ಪದರವನ್ನು ಕಟ್ಟುತ್ತದೆ. ಪ್ಲೇಯರಿನೊಳಗಿನ ಎಲೆಸ್ವಿಚ್ಚುಗಳ ಮೇಲೂ ಜೋಡಣೆಯ ಮುಳ್ಳುಗಳ ಮೇಲೂ ಇಂಥ ಪದರ ಕೂತಾಗ ಕ್ಯಾಸೆಟ್ ಹಾಕಿದರೂ ಮೋಟಾರ್ ಓಡದಿರುವುದು, ಒಂದು ಸ್ಪೀಕರ್ ಬಂದು ಹೋಗುವುದು ಮುಂತಾದ ತೊಂದರೆಗಳು ಕಾಣಿಸಬಹುದು. ಮೋಟಾರ್ ಬದಲಿಸುವ ಮುನ್ನ ಸ್ವಿಚ್ಚಿನ ತುದಿಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ನೋಡಲು ರಿಪೇರಿಯವರಿಗೆ ಹೇಳುವುದು ಒಳ್ಳೆಯದು.

ಬಾಗಿಲಿನ ಜೇಬಿನಲ್ಲಿ ಕ್ಯಾಸೆಟ್ ಇಡುವವರು ಅದೇ ಬಾಗಿಲಿನಲ್ಲಿ ಸ್ಪೀಕರಿನ ಅಯಸ್ಕಾಂತವಿದೆ ಎಂಬುದನ್ನು ಮರೆಯಬಾರದು. ಅಯಸ್ಕಾಂತದ ಬಲ ದೂರ ಹೆಚ್ಚಿದಂತೆ ಬೇಗ ಕುಗ್ಗುವುದರಿಂದ ಒಂದು ಗೇಣು ಅಂತರ ಸಾಕು, ಒತ್ತಾಗಿ ಇಡಬಾರದು ಅಷ್ಟೆ. ಹೆಡ್ಡು ಕೂಡ ಬಹುಕಾಲ ಓಡಿದ ಮೇಲೆ ತುಸು ಕಾಂತತ್ವವನ್ನು ಉಳಿಸಿಕೊಂಡು ಪ್ರತಿ ಟೇಪಿನ ತುದಿದನಿಯನ್ನು ಸ್ವಲ್ಪಸ್ವಲ್ಪವೇ ಅಳಿಸುತ್ತದೆ. ಕ್ಯಾಸೆಟ್ ರೂಪದ ಡಿಮ್ಯಾಗ್ನೆಟೈಸರನ್ನು ಆಗೊಮ್ಮೆ ಈಗೊಮ್ಮೆ ಹಾಕುವುದರಿಂದ ಇದು ಹೋಗುತ್ತದೆ.

ಮನೆಮಂದಿಯ ದನಿಯಿರುವ, ಪ್ರತಿಯಿಲ್ಲದ ಕ್ಯಾಸೆಟ್ಟಿಗೆ ಮಾತ್ರ ಈ ಎಲ್ಲ ಎಚ್ಚರವೂ ಸಾಲದು. ಅದು ಕಾರಿನಲ್ಲಿ ಇರಲೇಬಾರದು. ಚೆನ್ನಾಗಿ ಒರೆಸಿದ ಮನೆಯ ಡೆಕ್ಕಿನಲ್ಲಿ ಅದನ್ನು ಒಮ್ಮೆ ನುಡಿಸಿ, ಆ ಟೇಪಿಗೆ ತಕ್ಕಂತೆ ಹೆಡ್ಡಿನ ಓರೆಯನ್ನು ಅದರ ಪಕ್ಕದ ಸ್ಕ್ರೂವಿನಿಂದ ತುದಿದನಿ ಅತ್ಯಂತ ಸ್ಪಷ್ಟವಾಗುವತನಕ ಹೊಂದಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ದನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಇದಕ್ಕೆ ಹೇಳುವ ಕನಿಷ್ಠ ಮಟ್ಟ 24 ಬಿಟ್, 48 ಕಿಲೋಹರ್ಟ್ಜ್, ಎಂದರೆ ಸೆಕೆಂಡಿಗೆ ನಲವತ್ತೆಂಟು ಸಾವಿರ ಬಾರಿ ದನಿಯನ್ನು ಅಳೆದು ಬರೆಯುವುದು. ಗಾತ್ರ ಕುಗ್ಗಿಸುವ ಎಂಪಿ3 ರೂಪವನ್ನು ಹಂಚಿಕೊಳ್ಳಲು ಬಳಸಬಹುದು, ಮೂಲಪ್ರತಿಯಾಗಿ ಇಡಬಾರದು. ಕಾರಿನಲ್ಲೂ ಅಜ್ಜಿಯ ಹಸೆ ಹಾಡು ಬೇಕೆನ್ನುವವರು ಆ ಡಿಜಿಟಲ್ ಪ್ರತಿಯಿಂದ ಒಂದು ಸಿ-60 ಕ್ಯಾಸೆಟ್ಟಿಗೆ ಮತ್ತೆ ತುಂಬಿಸಿಕೊಂಡು ಅದನ್ನು ನಿಶ್ಚಿಂತೆಯಿಂದ ನುಡಿಸಬಹುದು.

ನಕಲಾದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು, ಇಂದಿನದಕ್ಕಿಂತ ಉತ್ತಮವಾಗಿ ಅದನ್ನು ಓದುವ ಉಪಕರಣ ಮುಂದೆ ಸಿಗಬಹುದು. ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ಹಾಕಿ, ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಮುಚ್ಚಳದ ಪೆಟ್ಟಿಗೆಯಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಅದಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ನಾಲಗೆಗಳನ್ನು ಮುರಿಯಬೇಕು. ಕಾರಿನ ಪ್ಲೇಯರಿಗೆ ದಾಖಲಿಸುವ ಶಕ್ತಿಯಿಲ್ಲವಾದರೂ ಮನೆಯ ಡೆಕ್ಕಿಗೆ ಇದೆ, ಅಲ್ಲಿ ತಪ್ಪಿ ಒಂದು ಗುಂಡಿ ಒತ್ತಿದರೆ ಹಳೆಯ ದನಿಯ ಮೇಲೆ ಹೊಸದು ಕೂರುತ್ತದೆ. ಎ ಬದಿಯನ್ನು ತನ್ನತ್ತ ಮಾಡಿ, ಟೇಪು ಕಾಣುವ ಅಂಚು ಕೆಳಗಿರುವಂತೆ ಹಿಡಿದಾಗ ಮೇಲಿನ ಎಡಮೂಲೆಯ ನಾಲಗೆ ಎ ಬದಿಯದು, ಬಲಮೂಲೆಯದು ಬಿ ಬದಿಯದು. ಚಿಕ್ಕ ಸ್ಕ್ರೂಡ್ರೈವರಿನಿಂದ ಒಮ್ಮೆ ಮೀಟಿದರೆ ಎರಡೂ ಕಳಚಿಕೊಳ್ಳುತ್ತವೆ.